ಹಾಗ, ವೀಸ, ನಿರುದ್ಧ

ಕ್ರಿ.ಶ. 1117ರಲ್ಲಿ ಹೊಯ್ಸಳ ದೊರೆ ವಿಷ್ಣುವರ್ಧನನು ಬೇಲೂರಿನಲ್ಲಿ ಕೇಶವನ ಪ್ರತಿಷ್ಠೆ ಮಾಡಿಸಿದಾಗ, ಮುಂದೆ ಬೀಜಗಣಿತದ ಗ್ರಂಥವನ್ನು ರಚಿಸಲಿದ್ದ ಭಾಸ್ಕರಾಚಾರ್ಯನು ಮೂರು ವರ್ಷದ ಶಿಶು. ಆ ಯುಗದ ಶಿಲ್ಪವನ್ನು ಕೊಂಡಾಡಿ ಬರೆದವರು ನಮ್ಮಲ್ಲಿ ಹೇರಳವಾಗಿದ್ದಾರೆ. ಅದೇ ಯುಗದ ಲೆಕ್ಕಾಚಾರವನ್ನು ಕುರಿತು ಆದರದಿಂದ ಬರೆದವರು ವಿರಳ. ಇಂದಿನ ಹಳೇಬೀಡಾದ ದೋರಸಮುದ್ರದ ರಾಜಧಾನಿಯಲ್ಲಾಗಲಿ, ವರ್ತಕರ ನೆಲೆಯಾಗಿದ್ದ ಅರಸೀಕೆರೆಯಲ್ಲಾಗಲಿ, ದೇವರ ದತ್ತಿಯನ್ನೂ ಸುಂಕವನ್ನೂ ಗದ್ಯಾಣ, ಪಣ, ಹಾಗ, ವೀಸಗಳೆಂಬ ನಾಣ್ಯಮಾನಗಳಲ್ಲಿ ಗೊತ್ತುಮಾಡುತ್ತಿದ್ದ ಜನಕ್ಕೆ ಭಿನ್ನರಾಶಿಯು ಪಾಠಶಾಲೆಯ ವಿಷಯವಾಗಿರದೆ ಜೀವನದ ಅಂಗವೇ ಆಗಿದ್ದಿತು. ಹಾಗವು ಪಣದ ಕಾಲು ಭಾಗ, ವೀಸವು ಹದಿನಾರನೆಯ ಒಂದು ಭಾಗ. ಒಂದು ಹಾಗಕ್ಕೆ ಮೂರು ವೀಸವನ್ನು ಕೂಡಿಸಬೇಕಾದರೆ ಹಾಗವನ್ನು ನಾಲ್ಕು ವೀಸವಾಗಿ ಒಡೆಯಬೇಕು. ಆಗ ಏಳು ವೀಸ. ಅದನ್ನು ಪಣದಿಂದ ಕಳೆದರೆ ಒಂಬತ್ತು ವೀಸ. ಛೇದಗಳನ್ನು ಒಂದಾಗಿಸುವ ಸಮಚ್ಛೇದವೆಂಬ ಶಾಸ್ತ್ರವಿಧಿಯನ್ನು ಅಂಗಡಿಯವನು ಹೆಸರಿಸದೆಯೇ ಆಚರಿಸುತ್ತಿದ್ದನು.

ಆ ವಿಧಿಗೆ ಶಾಸ್ತ್ರದ ರೂಪವನ್ನು ಅದಕ್ಕೂ ಮುಂಚೆಯೇ, 9ನೆಯ ಶತಮಾನದಲ್ಲಿ, ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಕಾಲದ ಮಹಾವೀರಾಚಾರ್ಯನು ತನ್ನ 'ಗಣಿತಸಾರಸಂಗ್ರಹ'ದಲ್ಲಿ ಕೊಟ್ಟಿದ್ದನು. ಅಲ್ಲಿಯ ಒಂದು ಸಮಸ್ಯೆ ಇದು: ಒಂದು ಕಂಬದ ಎಂಟನೆಯ ಒಂದು ಭಾಗ ನೆಲದಲ್ಲಿ ಹೂತಿದೆ, ಮೂರನೆಯ ಒಂದು ಭಾಗ ನೀರಿನಲ್ಲಿದೆ, ಕಾಲು ಭಾಗ ಪಾಚಿಯಲ್ಲಿದೆ, ಮೇಲಕ್ಕೆ ಕಾಣುವುದು ಏಳು ಹಸ್ತ, ಕಂಬದ ಉದ್ದವೆಷ್ಟು? ಛೇದಗಳನ್ನೆಲ್ಲ ಕಣ್ಣುಮುಚ್ಚಿ ಗುಣಿಸುವವನಿಗೆ 96 ದೊರೆಯುತ್ತದೆ. ಮಹಾವೀರನು ಛೇದಗಳ ಸಾಮಾನ್ಯ ಅಪವರ್ತನಗಳನ್ನು ಒಮ್ಮೆ ಮಾತ್ರ ಎಣಿಸಿ 'ನಿರುದ್ಧ'ವೆಂಬ ಕನಿಷ್ಠ ರಾಶಿಯನ್ನು ಸಾಧಿಸಿಕೊಳ್ಳುವುದರಿಂದ 24 ಸಾಕಾಗುತ್ತದೆ. ಮೂರು, ಎಂಟು, ಆರು ಕೂಡಿ ಹದಿನೇಳು. ಉಳಿದ ಏಳು ಪಾಲೇ ಏಳು ಹಸ್ತ. ಕಂಬವು ಇಪ್ಪತ್ತನಾಲ್ಕು ಹಸ್ತ. ಕಾಣದ ಉದ್ದಕ್ಕೆ ಒಂದು ಅಕ್ಷರವನ್ನಿಟ್ಟರೆ ಇದೇ ಬೀಜಗಣಿತವಾಯಿತು. ಛೇದದಲ್ಲಿಯೇ ಅಕ್ಷರಗಳು ಬಂದರೂ ನ್ಯಾಯ ಬದಲಾಗದು: 'ಕಗ'ದಿಂದ ಭಾಗಿಸಿದ ಒಂದರಿಂದ 'ಖಗ'ದಿಂದ ಭಾಗಿಸಿದ ಒಂದನ್ನು ಕಳೆಯುವಾಗ 'ಗ'ವನ್ನು ಎರಡು ಬಾರಿ ಹೊರಬೇಕಾದುದಿಲ್ಲ, ನಿರುದ್ಧವು 'ಕಖಗ', ಅಂಶವು 'ಖ'ದಲ್ಲಿ 'ಕ' ಕಳೆದುದು. ಇಂದಿನ ವಿದ್ಯಾರ್ಥಿಗಳು ಬೀಜೋಕ್ತಿಗಳ ಭಿನ್ನದಲ್ಲಿ ತಬ್ಬಿಬ್ಬಾಗುವುದು ಬಹುಮಟ್ಟಿಗೆ ಈ ಮಿತವ್ಯಯವನ್ನು ಅವರಿಗೆ ಮೊದಲೇ ಅಂಕಿಗಳಲ್ಲಿ ರೂಢಿ ಮಾಡಿಸದಿರುವುದರಿಂದ ಎಂದು ನನ್ನ ದೃಢವಾದ ನಂಬಿಕೆ.

ಮಹಾವೀರನು ಬರೆದುದು ಸಂಸ್ಕೃತದಲ್ಲಿ. ಗಣಿತವು ಕನ್ನಡದ ಪದ್ಯಕ್ಕೆ ಇಳಿದುದು 12ನೆಯ ಶತಮಾನದಲ್ಲಿ, ಶುಭಚಂದ್ರರ ಶಿಷ್ಯನಾದ ಜೈನಕವಿ ರಾಜಾದಿತ್ಯನಿಂದ. 'ವ್ಯವಹಾರಗಣಿತ', 'ಕ್ಷೇತ್ರಗಣಿತ', 'ಲೀಲಾವತಿ' ಮೊದಲಾದ ಅವನ ಕೃತಿಗಳು, ಹಳೇಬೀಡಿನಲ್ಲಿ 1133ರಲ್ಲಿ ವಿಷ್ಣುವರ್ಧನನ ದಂಡನಾಯಕ ಗಂಗರಾಜನ ಮಗ ಬೊಪ್ಪನು ಪಾರ್ಶ್ವನಾಥ ಬಸದಿಯನ್ನೂ, ಅರಸೀಕೆರೆಯಲ್ಲಿ 1220ರಲ್ಲಿ ಹೊಯ್ಸಳರ ಮಂತ್ರಿ ರೇಚರಸನು ಸಹಸ್ರಕೂಟ ಜಿನಾಲಯವನ್ನೂ ಎತ್ತಿಸಿದ ಆ ಜೈನವಿದ್ಯೆಯ ಉಚ್ಛ್ರಾಯಕಾಲಕ್ಕೆ ಸೇರಿದವು. ಸೂತ್ರವನ್ನು ದೇಶಭಾಷೆಯಲ್ಲಿ ಹೇಳಿ, ಕೊಡುಕೊಳುವ ಲೋಕದಿಂದಲೇ ಉದಾಹರಣೆಗಳನ್ನು ಆರಿಸಿಕೊಂಡ ಅವನು, ಆಚಾರ್ಯನ ನಿರುದ್ಧಕ್ಕೂ ವರ್ತಕನ ವೀಸಕ್ಕೂ ನಡುವೆ ಸಂಬಂಧವನ್ನು ಬೆಳೆಯಿಸಿದನು. ಕನ್ನಡದಲ್ಲಿ ಗಣಿತದ ಪುಸ್ತಕಗಳನ್ನು ಬರೆಯುವವರು ಮೊದಲು ಅಭ್ಯಾಸ ಮಾಡತಕ್ಕುದು ಅವನನ್ನೇ.