ಕಾಡುದಾರಿಯ ವಾಹನಕ್ಕೆ ಬಂಪರ್ ಜೋಡಣೆ

ಕಂಪನಿಯ ಬಂಪರ್ ಕಳಚಿ, ಅದರ ಜಾಗಕ್ಕೆ ಹೊರಗೆ ತಯಾರಾದ ಉಕ್ಕಿನ ಬಂಪರನ್ನು ಚಾಸಿಗೆ ಬಿಗಿಯುವ ಕೆಲಸವೇ ಬಂಪರ್ ಜೋಡಣೆ. ಚಾಮರಾಜನಗರ ಜಿಲ್ಲೆಯ ಕೊಳ್ಳೇಗಾಲ, ಹನೂರು, ಯಳಂದೂರು ತಾಲ್ಲೂಕುಗಳ ಕಾಡಂಚಿನ ಊರುಗಳಲ್ಲಿ ಓಡುವ ಬೊಲೆರೊ, ಥಾರ್, ಜಿಪ್ಸಿ ಮತ್ತು ಹಳೆಯ ಜೀಪುಗಳಿಗೆ ಇದು ಒಗ್ಗುತ್ತದೆ. ಇವುಗಳಲ್ಲಿ ಬಾಡಿಯ ಅಡಿಯಲ್ಲಿ ಪ್ರತ್ಯೇಕ ಚಾಸಿ ಇರುವುದೇ ಅದಕ್ಕೆ ಕಾರಣ. ಚಾಸಿಯಿಲ್ಲದ ಕಾರುಗಳಿಗೆ ಭಾರದ ಬಂಪರ್ ತಕ್ಕುದಲ್ಲ.

ಮಲೆ ಮಹದೇಶ್ವರ ಬೆಟ್ಟದಿಂದ ಇಂಡಿಗನತ್ತದ ಕಡೆಗಿನ ಕಲ್ಲುದಾರಿಯಂಥ ಕಡೆ ಬಂಪರಿಗೆ ಬೀಳುವ ಪೆಟ್ಟು ಎರಡು ಬಗೆಯದು. ಇಳಿಜಾರಿನ ಬುಡದಲ್ಲಿ ಬಂಡೆ ಕೆಳಗಿನಿಂದ ತಗಲುತ್ತದೆ. ಮಳೆಗಾಲದಲ್ಲಿ ಕೆಸರಿಗೆ ಹೂತ ಗಾಡಿಯನ್ನು ಹಗ್ಗ ಕಟ್ಟಿ ಎಳೆದಾಗ ಭಾರವೆಲ್ಲ ಕೊಕ್ಕೆಯ ಮೇಲೆ ಬೀಳುತ್ತದೆ. ಎರಡರಲ್ಲೂ ಮೊದಲು ಸೋಲುವುದು ಬಂಪರಿನ ತಗಡಲ್ಲ, ಅದನ್ನು ಹಿಡಿದ ಬ್ರಾಕೆಟ್ಟು ಮತ್ತು ಬೋಲ್ಟು. ಹಗ್ಗದ ಎಳೆತಕ್ಕೆ ಕಿತ್ತುಬಂದ ಕೊಕ್ಕೆ ಎದುರಿಗೆ ನಿಂತವರ ಜೀವವನ್ನೇ ತೆಗೆಯಬಲ್ಲದು. ಆದ್ದರಿಂದ ಕೊಕ್ಕೆ ಬಂಪರಿನ ತಗಡಿಗೆ ಬೆಸುಗೆಯಾಗಿರಬಾರದು. ಅದರ ಬುಡ ಚಾಸಿಯನ್ನೇ ಹಿಡಿದಿರಬೇಕು.

ಕಂಪನಿಯವರು ಚಾಸಿಯ ಎರಡು ಉದ್ದತೊಲೆಗಳ ತುದಿಯಲ್ಲಿ ಬಿಟ್ಟಿರುವ ತೂತುಗಳಿಗೇ ಬ್ರಾಕೆಟ್ಟು ಕೂರುವುದು ಉತ್ತಮ. ಅವು ಹೊಂದದಿದ್ದಾಗ ಗ್ಯಾಸ್ ಕಟರಿನಿಂದ ತೂತನ್ನು ಅಗಲಿಸುವುದು, ಬ್ರಾಕೆಟ್ಟನ್ನು ಚಾಸಿಗೇ ವೆಲ್ಡಿಂಗ್ ಮಾಡುವುದು ಕೆಲವು ಗ್ಯಾರೇಜುಗಳ ರೂಢಿ. ಶಾಖಕ್ಕೆ ಉಕ್ಕಿನ ಗುಣ ಕೆಡುತ್ತದೆ. ಬಿರುಕು ಬೆಸುಗೆಯ ಅಂಚಿನಲ್ಲೇ ಶುರುವಾಗುತ್ತದೆ. ಬೋಲ್ಟು 8.8 ದರ್ಜೆಯದ್ದೋ ಅದಕ್ಕೂ ಮೇಲಿನದ್ದೋ ಆಗಿರಬೇಕು. ಈ ಅಂಕಿ ಬೋಲ್ಟಿನ ತಲೆಯ ಮೇಲೆ ಅಚ್ಚಾಗಿರುತ್ತದೆ. ಅಚ್ಚೇ ಇಲ್ಲದ ಬೋಲ್ಟನ್ನು ನಂಬುವಂತಿಲ್ಲ.

ಹಳೆಯ ಬಂಪರ್ ಬಿಚ್ಚುವ ಮೊದಲು ಬ್ಯಾಟರಿಯ ನೆಗೆಟಿವ್ ತಂತಿ ತೆಗೆದು, ಫಾಗ್ ಲೈಟಿನ ತಂತಿಗಳನ್ನು ಕಳಚಿಡಬೇಕು. ತುಕ್ಕು ಕೆರೆದು ರೆಡ್ ಆಕ್ಸೈಡ್ ಬಳಿದು ಒಣಗಿಸಿದ ಮೇಲೆ ಹೊಸ ಬಂಪರನ್ನು ಜಾಕಿನ ಮೇಲೆ ಎತ್ತಿ ಹಿಡಿಯಲಾಗುತ್ತದೆ. ಎಲ್ಲ ಬೋಲ್ಟುಗಳನ್ನೂ ಮೊದಲು ಕೈಯಲ್ಲೇ ತಿರುಗಿಸಿ ಸಡಿಲವಾಗಿ ಕೂರಿಸಬೇಕು. ಒಂದು ಬದಿಯನ್ನು ಪೂರ್ತಿ ಬಿಗಿದುಬಿಟ್ಟರೆ ಇನ್ನೊಂದು ಬದಿಯ ತೂತು ಹೊಂದುವುದಿಲ್ಲ. ಆಗಲೇ ಸುತ್ತಿಗೆ ಹೊರಬರುವುದು. ಎರಡೂ ಬದಿಯಲ್ಲಿ ನೆಲದಿಂದ ಎತ್ತರ ಅಳೆದು, ಚಕ್ರವನ್ನು ಪೂರ್ತಿ ತಿರುಗಿಸಿ ಟೈರು ತಾಗುವುದಿಲ್ಲವೆಂದು ನೋಡಿ, ಆಮೇಲೆ ಎಡಬಲ ಸರದಿಯಲ್ಲಿ ಬಿಗಿಯಬೇಕು. ಬೋಲ್ಟಿನ ತಲೆಗೂ ನಟ್ಟಿನ ಅಡಿಗೂ ದಪ್ಪ ವಾಷರ್, ತಾನಾಗಿ ಸಡಿಲಗೊಳ್ಳದ ನೈಲಾನ್ ನಟ್ಟು ಬೇಕು. 8.8 ದರ್ಜೆಯ 12 ಮಿಲಿಮೀಟರ್ ಬೋಲ್ಟಿಗೆ ಸುಮಾರು 80 ನ್ಯೂಟನ್ ಮೀಟರ್ ಬಿಗಿತ ಸಾಮಾನ್ಯ. ವಾಹನದ ಕೈಪಿಡಿ ಬೇರೆ ಹೇಳಿದರೆ ಅದೇ ಅಂತಿಮ. ಕಲ್ಲುದಾರಿಯ ಅದುರಾಟಕ್ಕೆ ಜೋಡಣೆ ಕೂತುಕೊಳ್ಳುವುದರಿಂದ ಮೊದಲ ನೂರಿನ್ನೂರು ಕಿಲೋಮೀಟರಿನ ಬಳಿಕ ಟಾರ್ಕ್ ರೆಂಚಿನಲ್ಲಿ ಮತ್ತೊಮ್ಮೆ ಬಿಗಿತ ನೋಡುವುದು ಕಡ್ಡಾಯ.

ಉಕ್ಕಿನ ಬಂಪರಿನ ತೂಕದಿಂದ ಮುಂದಿನ ಸ್ಪ್ರಿಂಗ್ ಕುಗ್ಗುತ್ತದೆ, ಹೆಡ್‌ಲೈಟಿನ ಬೆಳಕು ಕೆಳಗಿಳಿಯುತ್ತದೆ. ರೇಡಿಯೇಟರಿಗೆ ಗಾಳಿ ತಡೆದರೆ ತಾಳಬೆಟ್ಟದಿಂದ ಮೇಲಿನ ತಿರುವುಗಳಲ್ಲಿ ಎಂಜಿನ್ ಕಾಯುತ್ತದೆ.

ಕಾನೂನಿನ ತೊಡಕು ಬೇರೆಯೇ ಇದೆ. ಬಂಪರಿನ ಮುಂದೆ ಕೂರಿಸುವ ಬುಲ್ ಬಾರ್, ಕ್ರ್ಯಾಶ್ ಗಾರ್ಡುಗಳ ವಿರುದ್ಧ ಕ್ರಮ ಕೈಗೊಳ್ಳುವಂತೆ ಕೇಂದ್ರ ರಸ್ತೆ ಸಾರಿಗೆ ಸಚಿವಾಲಯವು 2017ರ ಡಿಸೆಂಬರಿನಲ್ಲಿ ರಾಜ್ಯಗಳಿಗೆ ಸೂಚಿಸಿತು. ಪಾದಚಾರಿಗೂ ಗಾಡಿಯೊಳಗಿನವರಿಗೂ ಅವು ಅಪಾಯಕಾರಿ: ಡಿಕ್ಕಿಯ ಪೆಟ್ಟನ್ನು ನುಂಗಬೇಕಾದ ಮುಂಭಾಗ ಗಟ್ಟಿಯಾದರೆ ಆ ಪೆಟ್ಟು ಒಳಗಿದ್ದವರಿಗೆ ದಾಟುತ್ತದೆ, ಏರ್‌ಬ್ಯಾಗ್ ತೆರೆಯುವ ಹೊತ್ತೂ ತಪ್ಪಬಹುದು. ಮೋಟಾರು ವಾಹನ ಕಾಯ್ದೆಯ 52ನೇ ಕಲಮು ವಾಹನದ ಮೂಲ ವಿವರಗಳನ್ನು ಬದಲಿಸುವುದನ್ನು ನಿರ್ಬಂಧಿಸುತ್ತದೆ. 2019ರ ತಿದ್ದುಪಡಿಯಂತೆ ಅನುಮತಿಯಿಲ್ಲದ ಪ್ರತಿ ಮಾರ್ಪಾಡಿಗೂ ಮಾಲೀಕನಿಗೆ 5,000 ರೂಪಾಯಿ ದಂಡ, ಆರು ತಿಂಗಳವರೆಗೆ ಸೆರೆ ಅಥವಾ ಎರಡನ್ನೂ ವಿಧಿಸಬಹುದು. ಹಾಗಾಗಿ ಖರೀದಿಗೆ ಮೊದಲೇ ಸಾರಿಗೆ ಕಚೇರಿಯಲ್ಲಿ ವಿಚಾರಿಸುವುದು ಕ್ಷೇಮ. ಈ ಭಾಗದ ಬಹುಪಾಲು ವಾಹನಗಳಿಗೆ ಕಂಪನಿಯ ಬಂಪರೂ ಚಾಸಿಗೆ ಸರಿಯಾಗಿ ಕೂತ ಎಳೆಯುವ ಕೊಕ್ಕೆಯೂ ಧಾರಾಳವಾಗಿ ಸಾಕು.