ಹಗಲಿಗೆ ಹುಟ್ಟಿದ ಬಿಳಿ

ಮದುವೆ ಕೇಕ್ ಮಾಡಿಸಲು ಬಂದವರಿಗೆ ನಾನು ಕೇಳುವ ಮೊದಲ ಪ್ರಶ್ನೆ ಮೊಟ್ಟೆ ಹಾಕಬೇಕೋ ಬೇಡವೋ ಎಂದಲ್ಲ. ಹಾಲ್‌ನಲ್ಲಿ ಯಾವ ದೀಪ ಎಂದು. ನಮ್ಮ ಬೆಂಗಳೂರಿನಲ್ಲಿ ರಿಸೆಪ್ಷನ್ ಎಂದರೆ ಸಂಜೆ ಏಳರ ಮೇಲೆಯೇ. ಬಿಳಿ ಕೇಕ್ ಬೆಳೆದದ್ದು ಮಾತ್ರ ಹಗಲಲ್ಲಿ.

ಇಂಗ್ಲೆಂಡಿನಲ್ಲಿ 1886ರವರೆಗೂ ಜನಸಾಮಾನ್ಯರ ಮದುವೆ ಮಧ್ಯಾಹ್ನ ಹನ್ನೆರಡರೊಳಗೆ ನಡೆಯಬೇಕಿತ್ತು. ಅದು ಕಾನೂನು. ಆ ವರ್ಷ ಗಡುವು ಮೂರು ಗಂಟೆಗೆ ಹೋಯಿತು, 1934ರಲ್ಲಿ ಆರಕ್ಕೆ. ಹಾಗಾಗಿ ಊಟವೂ ಹಗಲಲ್ಲೇ, ಕೇಕ್ ಕತ್ತರಿಸುವುದೂ ಹಗಲಲ್ಲೇ. 1840ರ ಫೆಬ್ರವರಿ 10ರಂದು ವಿಕ್ಟೋರಿಯಾ ರಾಣಿಯ ಮದುವೆಗೆ ಮಾಡಿದ ಕೇಕ್ ಸುಮಾರು 300 ಪೌಂಡ್ ತೂಗುತ್ತಿತ್ತು. ಮೇಲೆ ಬ್ರಿಟಾನಿಯಾ ದೇವಿ ವಧೂವರರನ್ನು ಹರಸುವ ಬೊಂಬೆಗಳು. ವರನ ಕಾಲ ಬಳಿ ನಾಯಿ, ವಧುವಿನ ಬಳಿ ಜೋಡಿ ಪಾರಿವಾಳ. ಎಲ್ಲಾ ಬಿಳಿ. ಚೆನ್ನಾಗಿ ಶುದ್ಧಮಾಡಿದ ಸಕ್ಕರೆ ದುಬಾರಿಯಾಗಿದ್ದ ಕಾಲ, ಬಿಳುಪೇ ಶ್ರೀಮಂತಿಕೆ.

ಆ ಬಿಳುಪಿನಲ್ಲೂ ಸ್ವಲ್ಪ ಕೈಚಳಕವಿತ್ತು ಅನ್ನಿ. ಅಂಗಡಿಯವರು ಸಕ್ಕರೆ ಅಚ್ಚನ್ನು ನೀಲಿ ಕಾಗದದಲ್ಲಿ ಸುತ್ತಿಡುತ್ತಿದ್ದರು, ಇನ್ನಷ್ಟು ಬೆಳ್ಳಗೆ ಕಾಣಲೆಂದು. ಮೊಟ್ಟೆಯ ಲೋಳೆ ಬೆರೆಸಿದ ಐಸಿಂಗ್ ಚೂರು ಹಳದಿಗೆ ತಿರುಗುತ್ತದೆ. ಅದಕ್ಕೆ ಒಂದು ಹನಿ ನೀಲಿ ಬಿಡುವುದು ಈ ಕಸುಬಿನ ಹಳೆಯ ಪಾಠ, ಬಿಳಿ ಪಂಚೆಗೆ ನೀಲಿ ಹಾಕಿದ ಹಾಗೇ. ನಾನೂ ಬಿಡುತ್ತೇನೆ, ಕಡ್ಡಿ ತುದಿಯಲ್ಲಿ ಅದ್ದಿ. ಹನಿ ಹೆಚ್ಚಾದರೆ ಕೇಕ್ ಬೂದಿ ಹೊಡೆಯುತ್ತದೆ.

ರಾತ್ರಿಯ ಕಥೆ ಬೇರೆ. ಮೇಣದಬತ್ತಿಯ ಬೆಳಕಿನಲ್ಲಿ ನೀಲಿಯ ಅಂಶವೇ ಕಡಿಮೆ, ಹಳೆಯ ಗ್ಯಾಸ್ ದೀಪದಲ್ಲೂ ಅಷ್ಟೇ. ಇಲ್ಲದ ಬಣ್ಣವನ್ನು ಐಸಿಂಗ್ ಹಿಂದಿರುಗಿಸುವುದೆಲ್ಲಿಂದ? ಬಿಳಿ ಕೆನೆಯಾಗುತ್ತದೆ. ಬೆಂಗಳೂರಿಗೆ 1905ರಲ್ಲಿ ಶಿವನಸಮುದ್ರದಿಂದ ವಿದ್ಯುತ್ ಬಂತು. ಆದರೆ ತಂತಿ ಕಾದು ಉರಿಯುವ ಬಲ್ಬಿನ ಬೆಳಕೂ ಹಳದಿಯದೇ.

ಈಗಿನ ಎಲ್ಇಡಿ ಇನ್ನೊಂದು ತರಲೆ. ಅಗ್ಗದ ಬಿಳಿ ಎಲ್ಇಡಿಯಲ್ಲಿ ಕಡುಗೆಂಪು ಸಾಲದು. ಕೆಂಪು ಗುಲಾಬಿ ಕಂದಾಗುತ್ತದೆ. ವೇದಿಕೆಯವರು ನೇರಳೆ ಲೈಟ್ ಬಿಟ್ಟರಂತೂ ಹಳದಿ ಹೂವು ಮಣ್ಣುಬಣ್ಣ. ಲ್ಯಾವೆಂಡರ್ ಕೇಕ್ ಬೇಕೆಂದು ಬರುವವರಿಗೆ ಅಂಗಡಿಯ ಹಳದಿ ಬಲ್ಬಿನಡಿ ಒಂದು ಹೂವು ಹಿಡಿದು ತೋರಿಸುತ್ತೇನೆ; ಅರ್ಧ ಜನ ಅಲ್ಲೇ ಮನಸ್ಸು ಬದಲಿಸುತ್ತಾರೆ.

ಕೇಕ್ ಬಣ್ಣವನ್ನು ಫೋನಿನಲ್ಲಿ ನೋಡಿ ಆರಿಸಬೇಡಿ. ಸ್ಯಾಂಪಲ್ ತೆಗೆದುಕೊಂಡು ರಾತ್ರಿ ಹೊತ್ತು ಛತ್ರಕ್ಕೆ ಹೋಗಿ, ಮದುವೆಯ ದಿನ ಹಾಕುವ ದೀಪಗಳನ್ನೇ ಹಾಕಿಸಿ ನೋಡಿ, ಆಮೇಲೆ ಅಡ್ವಾನ್ಸ್ ಕೊಡಿ.