ಕಥೆಯ ನೆಲದ ನಾದ: ಬಿ. ಅಜನೀಶ್ ಲೋಕನಾಥ್ ಅವರ ಚಿತ್ರಸಂಗೀತ

ಬಿ. ಅಜನೀಶ್ ಲೋಕನಾಥ್ ಶಿವಮೊಗ್ಗ ಜಿಲ್ಲೆಯ ಭದ್ರಾವತಿಯವರು. 2009ರ 'ಶಿಶಿರ' ಚಿತ್ರದಿಂದ ಸಂಗೀತ ನಿರ್ದೇಶಕರಾದ ಅವರು ಮುಂದಿನ ಒಂದೂವರೆ ದಶಕದಲ್ಲಿ ಕನ್ನಡದ ಜೊತೆಗೆ ತಮಿಳು ಮತ್ತು ತೆಲುಗು ಚಿತ್ರರಂಗಗಳಲ್ಲೂ ನೆಲೆ ಕಂಡುಕೊಂಡರು. 'ಉಳಿದವರು ಕಂಡಂತೆ', 'ಕಿರಿಕ್ ಪಾರ್ಟಿ', 'ಬೆಲ್ ಬಾಟಂ', 'ವಿಕ್ರಾಂತ್ ರೋಣ' ಮತ್ತು 'ಕಾಂತಾರ' ಅವರ ಪ್ರಮುಖ ಚಿತ್ರಗಳು. 'ಕಾಂತಾರ'ದ ನಂತರ ಅವರ ಸಂಗೀತವನ್ನು 'ಮಣ್ಣಿನ ಸೊಗಡು' ಎಂಬ ಮಾತಿನಿಂದ ಗುರುತಿಸುವುದು ರೂಢಿಯಾಗಿದೆ. ಆದರೆ ಅವರ ಚಿತ್ರಗಳನ್ನು ಕಾಲಕ್ರಮದಲ್ಲಿ ಪರಿಶೀಲಿಸಿದರೆ ಕಾಣುವುದು ಯಾವುದೋ ಒಂದು ನೆಲದ ಸೊಗಡಲ್ಲ, ಒಂದು ವಿಧಾನ. ಪ್ರತಿ ಕಥೆ ನಡೆಯುವ ಊರು, ಕಾಲ, ಸಮುದಾಯಗಳಿಂದ ಅದರ ನಾದವನ್ನು ಆರಿಸಿಕೊಳ್ಳುವುದು ಮತ್ತು ಹಾಡು, ಹಿನ್ನೆಲೆ ಸಂಗೀತಗಳನ್ನು ಒಂದೇ ಎಳೆಯಲ್ಲಿ ನೇಯುವುದು ಆ ವಿಧಾನದ ತಿರುಳು.

ಊರಿನ ಹಿನ್ನೆಲೆ

ಹಿಂದೆ ಬೆಂಕಿಪುರವೆಂಬ ಹೆಸರಿದ್ದ ಭದ್ರಾವತಿ ಭದ್ರಾ ನದಿಯ ದಂಡೆಯಲ್ಲಿದೆ. ಇಲ್ಲಿ ಆರಂಭಗೊಂಡ ಮೈಸೂರು ಕಬ್ಬಿಣದ ಕಾರ್ಖಾನೆ ಈ ಊರಿನ ಚಹರೆಯನ್ನೇ ಬದಲಿಸಿತು. ಸರ್ ಎಂ. ವಿಶ್ವೇಶ್ವರಯ್ಯನವರ ಹೆಸರನ್ನು ಹೊತ್ತ ಉಕ್ಕಿನ ಕಾರ್ಖಾನೆಯಾಗಿ ಅದು ಬೆಳೆಯಿತು. 1936ರಲ್ಲಿ ಸ್ಥಾಪನೆಯಾದ ಮೈಸೂರು ಕಾಗದ ಕಾರ್ಖಾನೆ ಅದರ ಜೊತೆಗೂಡಿತು. ಕೆಲಸ ಅರಸಿ ಬಂದ ತಮಿಳು, ತೆಲುಗು, ಮಲಯಾಳ, ಉರ್ದು ಭಾಷಿಕರು ಕನ್ನಡಿಗರ ಜೊತೆ ನೆಲೆಸಿದ್ದರಿಂದ ಮಲೆನಾಡಿನ ಅಂಚಿನಲ್ಲಿ ಒಂದು ಬಹುಭಾಷಾ ಕೈಗಾರಿಕಾ ಪಟ್ಟಣ ರೂಪುಗೊಂಡಿತು. 1960ರ ದಶಕದಲ್ಲಿ ಆರಂಭವಾದ ಆಕಾಶವಾಣಿ ಭದ್ರಾವತಿ ಕೇಂದ್ರ ಸುತ್ತಲಿನ ಜಿಲ್ಲೆಗಳ ಗಾಯಕರಿಗೆ, ಜನಪದ ಕಲಾವಿದರಿಗೆ ವೇದಿಕೆಯಾಯಿತು.

ಕನ್ನಡ ಚಿತ್ರರಂಗಕ್ಕೆ ಈ ಭಾಗದ ಕೊಡುಗೆ ದೊಡ್ಡದು. ನಟ ದೊಡ್ಡಣ್ಣ ಭದ್ರಾವತಿಯ ಉಕ್ಕಿನ ಕಾರ್ಖಾನೆಯ ನೌಕರರಾಗಿದ್ದವರು. ನಿರ್ದೇಶಕ ಎಸ್. ನಾರಾಯಣ್ ಅದೇ ಊರಿನವರು. ಹೊಸನಗರ ತಾಲ್ಲೂಕಿನ ನಗರದಲ್ಲಿ ಹುಟ್ಟಿ, ವಕೀಲಿ ವೃತ್ತಿಯ ಜೊತೆಗೆ ಸುಗಮ ಸಂಗೀತಕ್ಕೆ ಬದುಕನ್ನು ಮುಡಿಪಾಗಿಟ್ಟ ಶಿವಮೊಗ್ಗ ಸುಬ್ಬಣ್ಣ, ಚಂದ್ರಶೇಖರ ಕಂಬಾರರ 'ಕಾಡು ಕುದುರೆ' ಚಿತ್ರದ ಗಾಯನಕ್ಕೆ 1978ನೇ ಸಾಲಿನ ರಾಷ್ಟ್ರಪ್ರಶಸ್ತಿ ಪಡೆದರು. ಆ ಚಿತ್ರದ ನಿರ್ದೇಶನ, ಗೀತರಚನೆ ಮತ್ತು ಸಂಗೀತ ಮೂರೂ ಕಂಬಾರರವೇ. ಜನಪದ ಧಾಟಿಯನ್ನು ಸಿನಿಮಾದೊಳಗೆ ಅದರ ಕಸುವು ಕುಂದದಂತೆ ತರಬಹುದೆಂದು ಅಂದೇ ಆ ಪ್ರಯೋಗ ತೋರಿಸಿಕೊಟ್ಟಿತ್ತು.

ಹಾಡು ಮತ್ತು ಹಿನ್ನೆಲೆ

ಜಿ.ಕೆ. ವೆಂಕಟೇಶ್, ವಿಜಯ ಭಾಸ್ಕರ್, ರಾಜನ್–ನಾಗೇಂದ್ರ, ಹಂಸಲೇಖ ಅವರಂಥ ದಿಗ್ಗಜರು ಕಟ್ಟಿದ ಕನ್ನಡ ಚಿತ್ರಸಂಗೀತ ಪರಂಪರೆಯಲ್ಲಿ ಹಾಡಿಗೇ ಅಗ್ರಸ್ಥಾನ. ರೇಡಿಯೊ, ಧ್ವನಿಮುದ್ರಿಕೆ, ಕ್ಯಾಸೆಟ್‌ಗಳ ಮೂಲಕ ಮನೆಮನೆಗೆ ತಲುಪಿದ್ದು ಹಾಡೇ. ದೃಶ್ಯಗಳ ಕೆಳಗೆ ನುಡಿಯುವ ಹಿನ್ನೆಲೆ ಸಂಗೀತ ಅಷ್ಟೇ ಶ್ರಮದಿಂದ ಸಿದ್ಧವಾದರೂ ಚಿತ್ರಮಂದಿರದ ಆಚೆ ಅದಕ್ಕೆ ಬಾಳಿಕೆ ಇರಲಿಲ್ಲ. ಡಿಜಿಟಲ್ ಧ್ವನಿ ವ್ಯವಸ್ಥೆ, ಅಂತರ್ಜಾಲದಲ್ಲಿ ಸಂಗೀತ ಆಲಿಸುವ ರೂಢಿ ಬಂದ ಮೇಲೆ ಈ ಸ್ಥಿತಿ ಬದಲಾಯಿತು. ಅಜನೀಶ್ ಬೆಳೆದು ಬಂದದ್ದು ಈ ಬದಲಾವಣೆಯ ಜೊತೆಗೇ. ಅನೂಪ್ ಭಂಡಾರಿ ನಿರ್ದೇಶನದ 'ರಂಗಿತರಂಗ' (2015) ಇದಕ್ಕೆ ಒಳ್ಳೆಯ ನಿದರ್ಶನ. ಅದರ ಹಾಡುಗಳ ಸಂಗೀತ ನಿರ್ದೇಶಕರದೇ ಆಗಿತ್ತು, ಅಜನೀಶ್ ಕೊಟ್ಟದ್ದು ಹಿನ್ನೆಲೆ ಸಂಗೀತ. ಕಾಡು, ಒಂಟಿ ಮನೆ, ನಿಗೂಢ ಭಯಗಳ ಆ ಕಥೆಯ ಬಿಗುವು ಬಹುಪಾಲು ನಿಂತದ್ದು ಈ ಹಿನ್ನೆಲೆಯ ಮೇಲೆ. ನಾಲ್ಕು ವರ್ಷಗಳ ನಂತರ 'ಅವನೇ ಶ್ರೀಮನ್ನಾರಾಯಣ'ದಲ್ಲೂ ಹಿನ್ನೆಲೆ ಸಂಗೀತದ ಹೊಣೆ ಅವರದಾಯಿತು.

'ಉಳಿದವರು ಕಂಡಂತೆ'ಯಿಂದ 'ಬೆಲ್ ಬಾಟಂ'ವರೆಗೆ

ಅಜನೀಶ್ ಅವರ ವಿಧಾನ ಮೊದಲು ಸ್ಪಷ್ಟವಾದದ್ದು ರಕ್ಷಿತ್ ಶೆಟ್ಟಿ ನಿರ್ದೇಶನದ 'ಉಳಿದವರು ಕಂಡಂತೆ'ಯಲ್ಲಿ (2014). ಮಲ್ಪೆಯ ಕಡಲತೀರದಲ್ಲಿ ಕೃಷ್ಣ ಜನ್ಮಾಷ್ಟಮಿಯ ಹೊತ್ತಿಗೆ ನಡೆಯುವ ಘಟನೆಯೊಂದನ್ನು ಬೇರೆಬೇರೆಯವರ ನೋಟಗಳಲ್ಲಿ ಹೇಳುವ ಚಿತ್ರ ಅದು. ಹುಲಿವೇಷದ ತಾಸೆ–ಡೋಲುಗಳ ಗತಿ ಕರಾವಳಿಯ ಹಬ್ಬದ ಲಯ. ಅಜನೀಶ್ ಆ ಲಯವನ್ನು ಗಿಟಾರ್ ಮತ್ತು ವಿದ್ಯುನ್ಮಾನ ನಾದಗಳ ಪಕ್ಕದಲ್ಲಿರಿಸಿದರು. ಇದರಿಂದ ತಾಸೆಯ ಪೆಟ್ಟು ಅಲಂಕಾರವಾಗಿ ಉಳಿಯದೆ, ಹಿಂಸೆಯತ್ತ ಸಾಗುವ ಕಥೆಯ ನಾಡಿಯಾಗಿ ಕೇಳುತ್ತದೆ. ಚಿತ್ರ ಬಿಡುಗಡೆಯಾದಾಗ ಗಳಿಸಿದ್ದಕ್ಕಿಂತ ಹೆಚ್ಚಿನ ಮನ್ನಣೆಯನ್ನು ನಂತರದ ವರ್ಷಗಳಲ್ಲಿ ಪಡೆಯಿತು. ಇದರ ತಮಿಳು ರೂಪವಾದ 'ರಿಚಿ'ಗೂ (2017) ಅವರದೇ ಸಂಗೀತ.

ರಿಷಬ್ ಶೆಟ್ಟಿ ನಿರ್ದೇಶಿಸಿದ 'ಕಿರಿಕ್ ಪಾರ್ಟಿ' 2016ರ ಡಿಸೆಂಬರ್ 30ರಂದು ತೆರೆಗೆ ಬಂತು. ಇಂಜಿನಿಯರಿಂಗ್ ಕಾಲೇಜು, ಹಾಸ್ಟೆಲ್ಲು, ಗೆಳೆಯರ ಗುಂಪು ಅದರ ಲೋಕ. ಇಲ್ಲಿ ಜನಪದ ವಾದ್ಯಗಳ ಪ್ರಾಬಲ್ಯವಿಲ್ಲ. ಗುಂಪಾಗಿ ಹಾಡುವ ಹುಡುಗರ ದನಿ, ಹಗುರ ತಾಳ ಮತ್ತು ಸರಳ ಸ್ವರವಿನ್ಯಾಸಗಳು ಮುಂದಿವೆ. 'ಬೆಳಗೆದ್ದು' ಹಾಡು ರಾಜ್ಯದಾದ್ಯಂತ ಜನಪ್ರಿಯವಾಯಿತು. ಶ್ರೇಯಾ ಘೋಷಾಲ್ ದನಿಯ 'ನೀನಿರೆ ಸನಿಹ' ಅದೇ ಚಿತ್ರದ ನಿಧಾನಗತಿಯ ಮಾಧುರ್ಯಕ್ಕೆ ಉದಾಹರಣೆ. ಕಾಲೇಜು ಜೀವನದ ಗದ್ದಲ ಮತ್ತು ಅಗಲಿಕೆಯ ಮೌನ ಎರಡನ್ನೂ ಒಂದೇ ಧ್ವನಿಸುರುಳಿ ನಿಭಾಯಿಸಿದ್ದು ಅಜನೀಶ್ ಅವರನ್ನು ಮುಂಚೂಣಿಯ ಸಂಗೀತ ನಿರ್ದೇಶಕರ ಸಾಲಿಗೆ ತಂದಿತು.

ಜಯತೀರ್ಥ ನಿರ್ದೇಶನದ 'ಬೆಲ್ ಬಾಟಂ' (2019) ಬೇರೊಂದು ಸವಾಲನ್ನು ಒಡ್ಡಿತು. ಇಲ್ಲಿ ಮರುಸೃಷ್ಟಿಸಬೇಕಾದದ್ದು ಊರಿಗಿಂತ ಹೆಚ್ಚಾಗಿ ಕಾಲ. 1980ರ ದಶಕದ ಪತ್ತೇದಾರಿ ಕಥೆಗೆ ಅವರು ಆ ಕಾಲದ ಚಿತ್ರಗಳ ವಾದ್ಯಮೇಳದ ಛಾಯೆಯನ್ನು ಆರಿಸಿಕೊಂಡರು. 'ದಿಯಾ'ದಲ್ಲಿ (2020) ಮೂವರ ಪ್ರೇಮಕಥೆಯ ಒಳತೋಟಿಯನ್ನು ಮಾತಿಗಿಂತ ಹೆಚ್ಚಾಗಿ ಹಿನ್ನೆಲೆ ಸಂಗೀತವೇ ಹೊತ್ತು ಸಾಗುತ್ತದೆ. 'ವಿಕ್ರಾಂತ್ ರೋಣ'ದಲ್ಲಿ (2022) 'ರಾ ರಾ ರಕ್ಕಮ್ಮ' ಎಂಬ ಕುಣಿತದ ಹಾಡೂ ಮೃದುವಾದ ಜೋಗುಳವೂ ಒಂದೇ ಕಥೆಯಲ್ಲಿ ಸೇರಿವೆ.

'ಕಾಂತಾರ'

2022ರ ಸೆಪ್ಟೆಂಬರ್ 30ರಂದು ಬಿಡುಗಡೆಯಾದ 'ಕಾಂತಾರ' ಅಜನೀಶ್ ಅವರ ವೃತ್ತಿಜೀವನದ ಎತ್ತರದ ಘಟ್ಟ. ಭೂಮಿಯ ಹಕ್ಕು, ಕಾಡು ಮತ್ತು ದೈವಾರಾಧನೆಗಳ ಸುತ್ತ ಹೆಣೆದ ಕಥೆಗೆ ಕಂಬಳ ಮತ್ತು ಭೂತಕೋಲ ದೃಶ್ಯದ ನೆಲೆಗಳು. ತುಳುನಾಡಿನ ಕಥನಗೀತೆಯಾದ ಪಾಡ್ದನ, ಕೋಲದ ವಾದ್ಯಗಳು, ಕೂಗು, ಉಸಿರು ಇವೆಲ್ಲ ಅಲ್ಲಿ ಸಂಗೀತದ ಸಾಮಗ್ರಿಯಾದವು. ಕರಾವಳಿಯ ಜನಪದ ಸಂಗೀತವನ್ನು ಬಲ್ಲ ಮೈಮ್ ರಾಮದಾಸ್ ಅವರಂಥ ಕಲಾವಿದರ ನೆರವನ್ನು ಅಜನೀಶ್ ಪಡೆದರು. ಇದು ಮುಖ್ಯ ಸಂಗತಿ. ಮಲೆನಾಡಿನ ಅಂಚಿನ ಸಂಯೋಜಕನೊಬ್ಬ ಕರಾವಳಿಯ ಆರಾಧನಾ ಪರಂಪರೆಯನ್ನು ದೂರದಿಂದ ಅನುಕರಿಸದೆ, ಅದರೊಳಗಿನವರ ಜೊತೆ ಕೂತು ಕಟ್ಟಿದ ಕೆಲಸವಿದು. 'ಸಿಂಗಾರ ಸಿರಿಯೆ'ಯಲ್ಲಿ ಈ ಸಾಮಗ್ರಿ ಪ್ರಣಯಗೀತೆಯಾಗಿ ಹರಿದರೆ, 'ವರಾಹ ರೂಪಂ'ನಲ್ಲಿ ಶಾಸ್ತ್ರೀಯ ಗಾಯನ, ನಾಗಸ್ವರ ಮತ್ತು ರಾಕ್ ಗಿಟಾರ್‌ಗಳು ಕೂಡಿ ಭಕ್ತಿ–ರೌದ್ರಗಳನ್ನು ಒಟ್ಟಿಗೆ ಎಬ್ಬಿಸುತ್ತವೆ. ಶಶಿರಾಜ್ ಕಾವೂರು ಬರೆದ ಈ ಗೀತೆಯನ್ನು ಹಾಡಿದವರು ಸಾಯಿ ವಿಘ್ನೇಶ್.

ಇದೇ ಹಾಡು ಕಾನೂನಿನ ವಿವಾದಕ್ಕೂ ಗುರಿಯಾಯಿತು. ತಮ್ಮ 'ನವರಸಂ' ಗೀತೆಯನ್ನು ಇದು ಹೋಲುತ್ತದೆ ಎಂದು ಕೇರಳದ ತೈಕ್ಕುಡಂ ಬ್ರಿಡ್ಜ್ ತಂಡ ಆರೋಪಿಸಿತು. ಒಂದೇ ರಾಗಗಳ ಬಳಕೆಯಿಂದ ಹೋಲಿಕೆ ತೋರುತ್ತದೆ ಎಂಬುದು ಅಜನೀಶ್ ಅವರ ನಿಲುವಾಗಿತ್ತು. ಕೇರಳದ ನ್ಯಾಯಾಲಯಗಳ ತಡೆಯಾಜ್ಞೆಯ ಕಾರಣ 2022ರ ನವೆಂಬರಿನಲ್ಲಿ ಚಿತ್ರ ಒಟಿಟಿಗೆ ಬಂದಾಗ ಹಾಡಿನ ಬೇರೊಂದು ರೂಪ ಅಲ್ಲಿತ್ತು. ನಂತರ ಮೂಲ ರೂಪ ಮರಳಿತು. ನಿರ್ಮಾಪಕ ಮತ್ತು ನಿರ್ದೇಶಕರ ನಿರೀಕ್ಷಣಾ ಜಾಮೀನಿಗೆ ಹಾಡನ್ನು ಕೈಬಿಡುವ ಷರತ್ತನ್ನು ಕೇರಳ ಹೈಕೋರ್ಟ್ ವಿಧಿಸಿದಾಗ, 2023ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ಅದಕ್ಕೆ ತಡೆ ನೀಡಿತು. ರಾಗ ಯಾರ ಸ್ವತ್ತೂ ಅಲ್ಲ. ಆದರೆ ಅದರ ನಿರ್ದಿಷ್ಟ ಜೋಡಣೆ, ವಾದ್ಯವಿನ್ಯಾಸಗಳು ಎಲ್ಲಿಂದ ಒಬ್ಬರ ಕೃತಿಯಾಗುತ್ತವೆ ಎಂಬ ಪ್ರಶ್ನೆಯನ್ನು ಈ ಪ್ರಕರಣ ದಕ್ಷಿಣ ಭಾರತದ ಚಿತ್ರಸಂಗೀತದ ಮುಂದೆ ತೀಕ್ಷ್ಣವಾಗಿ ಇಟ್ಟಿದೆ. 'ಕಾಂತಾರ'ದ ಸಂಗೀತಕ್ಕೆ ಅಜನೀಶ್ ಫಿಲ್ಮ್‌ಫೇರ್ ದಕ್ಷಿಣ ಪ್ರಶಸ್ತಿ ಪಡೆದರು.

ಕನ್ನಡದಾಚೆ

ತಮಿಳಿನಲ್ಲಿ ನಿಥಿಲನ್ ಸಾಮಿನಾಥನ್ ಅವರ 'ಕುರಂಗು ಬೊಮ್ಮೈ' (2017) ಅಜನೀಶ್ ಅವರ ಗಮನಾರ್ಹ ಚಿತ್ರ. ಅದೇ ನಿರ್ದೇಶಕರ 'ಮಹಾರಾಜ' (2024) ಕಾಲವನ್ನು ಹಿಂದುಮುಂದಾಗಿಸಿ ಕಥೆ ಹೇಳುತ್ತದೆ. ಸತ್ಯ ಕೊನೆಯಲ್ಲಷ್ಟೇ ಬಯಲಾಗುವುದರಿಂದ ಸಂಗೀತ ಮೊದಲೇ ಗುಟ್ಟು ಬಿಟ್ಟುಕೊಡದಂಥ ಸಂಯಮ ಅಲ್ಲಿ ಬೇಕಿತ್ತು. ತೆಲುಗಿನ 'ವಿರೂಪಾಕ್ಷ' ಮತ್ತು 'ಮಂಗಳವಾರಂ' (ಎರಡೂ 2023) ಗ್ರಾಮೀಣ ಹಿನ್ನೆಲೆಯ ಭಯದ ಕಥೆಗಳು. 'ರಂಗಿತರಂಗ'ದಲ್ಲಿ ಕಂಡ ಹಿನ್ನೆಲೆ ಸಂಗೀತದ ಹಿಡಿತ ಇಲ್ಲಿ ಮತ್ತೊಂದು ಭಾಷೆಯಲ್ಲಿ ವಿಸ್ತಾರ ಪಡೆಯಿತು. ಕನ್ನಡದಲ್ಲಿ 2024ರಲ್ಲಿ 'ಯುವ', 'ಬಘೀರ', 'ಯುಐ', 'ಮ್ಯಾಕ್ಸ್' ಬಂದವು. 2025ರ ಅಕ್ಟೋಬರ್ 2ರಂದು ತೆರೆಕಂಡ 'ಕಾಂತಾರ ಚಾಪ್ಟರ್ 1' ಅವರನ್ನು ಮತ್ತೆ ತುಳುನಾಡಿನ ನಾದಲೋಕಕ್ಕೆ ಕರೆತಂದಿತು.

ಮಲ್ಪೆಗೆ ತಾಸೆ, ಹಾಸ್ಟೆಲ್ಲಿಗೆ ಗೆಳೆಯರ ಗುಂಪುದನಿ, ಕೋಲಕ್ಕೆ ಪಾಡ್ದನ: ಅಜನೀಶ್ ಅವರ ಸಂಗೀತಕ್ಕೆ ಸ್ಥಿರವಾದ ಒಂದೇ ವಾದ್ಯಮೇಳವಿಲ್ಲ, ಸ್ಥಿರವಾಗಿರುವುದು ಆಯ್ಕೆಯ ತತ್ವ. ಜನಪದ ಸಾಮಗ್ರಿಯನ್ನು ಅದರ ವಾರಸುದಾರರ ಸಹಭಾಗಿತ್ವದಲ್ಲಿ ಬಳಸಿದ್ದು ಮತ್ತು ಹಿನ್ನೆಲೆ ಸಂಗೀತಕ್ಕೆ ಹಾಡಿನಷ್ಟೇ ಮಾನ ತಂದದ್ದು ಕನ್ನಡ ಚಿತ್ರಸಂಗೀತಕ್ಕೆ ಅವರ ಎರಡು ಮುಖ್ಯ ಕೊಡುಗೆಗಳು.